ದೀಪದ ಬುಡದ ಕತ್ತಲು

ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಗೆ ಒಂದು ದೊಡ್ಡ ಉದಾಹರಣೆ ಬೇಕೆಂದರೆ ಪರಮಾಣು ವಿದ್ಯುತ್ ಸ್ಥಾವರದ ಕಡೆ ನೋಡಬೇಕು. ಲಕ್ಷಾಂತರ ಮನೆಗಳಿಗೆ ಬೆಳಕು ಕಳಿಸುವ ಈ ಸ್ಥಾವರ, ತಾನು ಕ್ಷೇಮವಾಗಿರಲು ಹೊರಗಿನಿಂದ ಬರುವ ವಿದ್ಯುತ್ತನ್ನು ನೆಚ್ಚಿಕೊಂಡಿರುತ್ತದೆ. ಮನೆಯಲ್ಲಿ ಕರೆಂಟ್ ಹೋದರೆ ಫ್ಯಾನು ನಿಲ್ಲುತ್ತದೆ, ಮಿಕ್ಸಿ ನಿಲ್ಲುತ್ತದೆ, ಪರೀಕ್ಷೆಗೆ ಓದುವ ಮಕ್ಕಳು ಗೊಣಗುತ್ತಾರೆ. ಅಷ್ಟಕ್ಕೆ ಮುಗಿಯಿತು. ಆದರೆ ಪರಮಾಣು ಸ್ಥಾವರದಲ್ಲಿ ಕರೆಂಟ್ ಹೋದರೆ ಎಂಜಿನಿಯರುಗಳು ಗಡಿಯಾರ ನೋಡತೊಡಗುತ್ತಾರೆ. ಇನ್ನೆಷ್ಟು ನಿಮಿಷ, ಇನ್ನೆಷ್ಟು ಗಂಟೆ ಎಂಬ ಲೆಕ್ಕ ಅಲ್ಲಿಂದ ಶುರು.

ಜಪಾನಿನ ಫುಕುಶಿಮಾದಲ್ಲಿ 2011ರಲ್ಲಿ ಆದದ್ದು ಮೂಲತಃ ಇದೇ. ಭೂಕಂಪ ಅಲ್ಲಿನ ರಿಯಾಕ್ಟರುಗಳನ್ನು ಒಡೆದು ಕೆಡವಲಿಲ್ಲ. ನೀರು ಹರಿಸಲು ವಿದ್ಯುತ್ ಇರಲಿಲ್ಲ, ಅದರಿಂದ ಅವು ಕರಗಿದವು. ಹದಿನೆಂಟು ವರ್ಷ ಮೊದಲೇ ನಮ್ಮ ದೇಶದ ನರೋರಾದಲ್ಲಿಯೂ ಒಂದು ರಾತ್ರಿ ವಿದ್ಯುತ್ ಪೂರ್ತಿ ಹೋಗಿತ್ತು. ಅಲ್ಲಿ ರಿಯಾಕ್ಟರ್ ಉಳಿಯಿತು. ಒಂದು ಉಳಿದದ್ದು ಹೇಗೆ, ಇನ್ನೊಂದು ಅಳಿದದ್ದು ಏಕೆ ಎಂಬುದು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಬಹುಮಟ್ಟಿಗೆ ಅರ್ಥವಾಗುವ ವಿಷಯ.

ತಯಾರಿಸುವವನೇ ಏಕೆ ಬೇಡಬೇಕು?

ವಿದ್ಯುತ್ ತಯಾರಿಸುವ ಸ್ಥಾವರಕ್ಕೆ ಹೊರಗಿನ ವಿದ್ಯುತ್ ಏಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಸ್ಥಾವರ ಓಡುತ್ತಿರುವಾಗ ತನ್ನ ಪಂಪುಗಳಿಗೆ ಬೇಕಾದ ವಿದ್ಯುತ್ತನ್ನು ತಾನೇ ಕೊಟ್ಟುಕೊಳ್ಳಬಲ್ಲದು. ಆದರೆ ಏನೋ ದೋಷ ಕಂಡು ರಿಯಾಕ್ಟರ್ ನಿಂತಿತು ಎನ್ನಿ. ಉಗಿ ಇಲ್ಲ, ಟರ್ಬೈನ್ ತಿರುಗುವುದಿಲ್ಲ, ಸ್ವಂತ ವಿದ್ಯುತ್ತೂ ಇಲ್ಲ. ಆಗ ಪಂಪುಗಳಿಗೆ, ಅಳತೆಯ ಮಾಪಕಗಳಿಗೆ, ದೀಪಗಳಿಗೆ ವಿದ್ಯುತ್ ಬೇಕಾದರೆ ಹೊರಗಿನ ಜಾಲದಿಂದ, ಅಂದರೆ ಗ್ರಿಡ್‌ನಿಂದ, ಬರಬೇಕು.

ಇಲ್ಲಿ ಇನ್ನೊಂದು ತೊಡಕಿದೆ. ಗ್ರಿಡ್ ದಿಢೀರನೆ ಬಿದ್ದುಹೋದರೆ ಸ್ಥಾವರ ತಯಾರಿಸಿದ ವಿದ್ಯುತ್ತನ್ನು ಕೊಳ್ಳುವವರೇ ಇರುವುದಿಲ್ಲ. ಹೊರೆ ಇಳಿದ ಟರ್ಬೈನ್ ಹುಚ್ಚು ವೇಗದಲ್ಲಿ ತಿರುಗದಂತೆ ಅದನ್ನು ನಿಲ್ಲಿಸಬೇಕಾಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ರಿಯಾಕ್ಟರನ್ನೂ ನಿಲ್ಲಿಸಬೇಕಾಗುತ್ತದೆ. ಹೀಗೆ ಹೊರಗಿನ ವಿದ್ಯುತ್ ಹೋದ ಗಳಿಗೆಯಲ್ಲೇ ಒಳಗಿನದೂ ಹೋಗುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾಗಳ ಗ್ರಿಡ್ ಕುಸಿದು ಸುಮಾರು 5 ಕೋಟಿ ಜನ ಕತ್ತಲಲ್ಲಿ ಕುಳಿತರು. ಆ ದಿನ ಅಮೆರಿಕ ಒಂದರಲ್ಲೇ ಒಂಬತ್ತು ರಿಯಾಕ್ಟರುಗಳು ತಾವಾಗಿ ನಿಂತವು. ಎಲ್ಲ ಕಡೆ ಡೀಸೆಲ್ ಜನರೇಟರುಗಳು ಹೊತ್ತಿಗೆ ಸರಿಯಾಗಿ ಚಾಲೂ ಆದವು. ಯಾರಿಗೂ ಏನೂ ಆಗಲಿಲ್ಲ. ಹೊರಗಿನ ವಿದ್ಯುತ್ ಹೋಗುವುದು ಅಪರೂಪದ ಸಂಗತಿಯಲ್ಲ, ಎಣಿಕೆಯಲ್ಲಿಟ್ಟುಕೊಂಡೇ ಸ್ಥಾವರ ಕಟ್ಟಿರುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಉರಿ ಆರಿದರೂ ಕೆಂಡ ಆರದು

ಹಾಗಾದರೆ ರಿಯಾಕ್ಟರ್ ನಿಂತ ಮೇಲೆ ಪಂಪು ಏತಕ್ಕೆ? ಕಾರಿನ ಎಂಜಿನ್ ಆಫ್ ಮಾಡಿದರೆ ತಾನೇ ತಣ್ಣಗಾಗುತ್ತದಲ್ಲ!

ವ್ಯತ್ಯಾಸ ಇರುವುದು ಇಲ್ಲೇ. ರಿಯಾಕ್ಟರಿನಲ್ಲಿ ಯುರೇನಿಯಂ ಪರಮಾಣುವಿನ ಬೀಜ ಒಡೆದು ಎರಡು ಹೋಳಾಗುತ್ತದೆ. ಇದೇ ವಿದಳನ. ನಿಯಂತ್ರಣ ಸರಳುಗಳನ್ನು ಇಳಿಬಿಟ್ಟರೆ ವಿದಳನದ ಸರಪಳಿ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಆದರೆ ಅದುವರೆಗೆ ಒಡೆದ ಹೋಳುಗಳು ಇಂಧನದ ಒಳಗೇ ಇರುತ್ತವೆ. ಅವು ಸ್ಥಿರವಲ್ಲ. ವಿಕಿರಣ ಹೊಮ್ಮಿಸುತ್ತಾ ಒಂದೊಂದೇ ಮೆಟ್ಟಿಲಿಳಿದು ಸ್ಥಿರವಾಗುತ್ತವೆ, ಆ ದಾರಿಯಲ್ಲಿ ಶಾಖ ಕೊಡುತ್ತವೆ. ಒಲೆಯ ಉರಿ ಆರಿಸಿದರೂ ಕೆಂಡ ಉಳಿದ ಹಾಗೆ ಎನ್ನಬಹುದು. ಒಂದು ಮುಖ್ಯ ಭೇದವೂ ಉಂಟು: ಒಲೆಯ ಕೆಂಡಕ್ಕೆ ನೀರು ಹೊಯ್ದರೆ ಆರುತ್ತದೆ, ಈ ಕೆಂಡ ಯಾವ ನೀರಿಗೂ ಆರುವುದಿಲ್ಲ. ನೀರು ಅದರ ಶಾಖವನ್ನು ಹೊತ್ತೊಯ್ಯಬಲ್ಲದೇ ಹೊರತು ಅದನ್ನು ನಿಲ್ಲಿಸಲಾರದು. ಅದು ತನ್ನ ಕಾಲಕ್ಕೆ ತಾನೇ ತಣಿಯಬೇಕು.

ಎಷ್ಟು ಶಾಖ? ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿರುವಂಥ 220 ಮೆಗಾವಾಟ್ ರಿಯಾಕ್ಟರನ್ನೇ ತೆಗೆದುಕೊಳ್ಳೋಣ. ಅಷ್ಟು ವಿದ್ಯುತ್ ಸಿಗಬೇಕಾದರೆ ಒಳಗೆ ಸುಮಾರು 750 ಮೆಗಾವಾಟ್ ಶಾಖ ಹುಟ್ಟುತ್ತಿರಬೇಕು. ರಿಯಾಕ್ಟರ್ ನಿಂತ ಕ್ಷಣದಲ್ಲಿ ಇದರಲ್ಲಿ ಶೇಕಡ 6ರಿಂದ 7ರಷ್ಟು, ಅಂದರೆ ಸುಮಾರು 50 ಮೆಗಾವಾಟ್, ಉಳಿದಿರುತ್ತದೆ. ಒಂದು ಗಂಟೆಯ ನಂತರ ಶೇಕಡ ಒಂದೂವರೆ, ಅಂದರೆ 11 ಮೆಗಾವಾಟ್. ಒಂದು ದಿನದ ನಂತರ ಶೇಕಡ ಅರ್ಧ, ಅಂದರೆ 4 ಮೆಗಾವಾಟಿನ ಆಸುಪಾಸು. ಮನೆಯ ಸ್ನಾನದ ಗೀಸರ್ 2 ಕಿಲೋವಾಟ್ ಎಂದಿಟ್ಟುಕೊಂಡರೆ, ನಿಂತು ಒಂದು ದಿನವಾದ ರಿಯಾಕ್ಟರ್ ಎರಡು ಸಾವಿರ ಗೀಸರುಗಳು ಒಟ್ಟಿಗೆ ಉರಿದಷ್ಟು ಶಾಖ ಕೊಡುತ್ತಿರುತ್ತದೆ!

ಈ ಶಾಖವನ್ನು ನೀರು ಕುದಿಸಿಯೇ ಕಳೆಯುವುದಾದರೆ ಎಷ್ಟು ನೀರು ಬೇಕು? 30 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರಲು ಸುಮಾರು 294 ಕಿಲೋಜೂಲ್, ಅಲ್ಲಿಂದ ಪೂರ್ತಿ ಆವಿಯಾಗಲು ಸುಮಾರು 2,260 ಕಿಲೋಜೂಲ್ ಬೇಕು. ಒಟ್ಟು 2,550 ಎನ್ನಿ. ನಾಲ್ಕು ಮೆಗಾವಾಟ್ ಎಂದರೆ ಸೆಕೆಂಡಿಗೆ 4,000 ಕಿಲೋಜೂಲ್. ಭಾಗಿಸಿದರೆ ಸೆಕೆಂಡಿಗೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು, ಗಂಟೆಗೆ ಸುಮಾರು 5,600 ಲೀಟರ್. ಊರಿನಲ್ಲಿ ನೀರು ಹಂಚುವ ಒಂದು ಸಣ್ಣ ಟ್ಯಾಂಕರ್ ಲಾರಿಯಷ್ಟು.

ಈ ಉತ್ತರದಲ್ಲಿ ಧೈರ್ಯವೂ ಇದೆ, ಭಯವೂ ಇದೆ. ಗಂಟೆಗೊಂದು ಟ್ಯಾಂಕರ್ ನೀರು ಒದಗಿಸುವುದು ಮನುಷ್ಯರ ಕೈಲಾಗದ ಕೆಲಸವೇನಲ್ಲ. ಆದರೆ ಆ ನೀರು ತಪ್ಪದೆ, ತಡವಿಲ್ಲದೆ, ಸರಿಯಾದ ಜಾಗಕ್ಕೆ ಹೋಗುತ್ತಲೇ ಇರಬೇಕು. ಹೋಗದಿದ್ದರೆ ಇದ್ದ ನೀರೆಲ್ಲ ಆವಿಯಾಗಿ ಇಂಧನದ ಸರಳುಗಳು ಬರಿದಾಗುತ್ತವೆ, ಕಾದು ಕರಗುತ್ತವೆ.

ನಾಲ್ಕು ದರ್ಜೆಯ ವಿದ್ಯುತ್

ಇದಕ್ಕಾಗಿಯೇ ಸ್ಥಾವರದಲ್ಲಿ ಒಂದರ ಹಿಂದೆ ಒಂದು ಎಂದು ಕಾವಲು ಹಾಕಿರುತ್ತಾರೆ. ಭಾರತದ ಭಾರಜಲ ಸ್ಥಾವರಗಳಲ್ಲಿ ವಿದ್ಯುತ್ ಪೂರೈಕೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ್ದಾರೆ. ನಾಲ್ಕನೇ ದರ್ಜೆ ಎಂದರೆ ಗ್ರಿಡ್‌ನಿಂದ ಅಥವಾ ಸ್ವಂತ ಟರ್ಬೈನಿನಿಂದ ಬರುವ ಮಾಮೂಲಿ ವಿದ್ಯುತ್. ಇದು ಹೋದರೂ ತಕ್ಷಣ ಅಪಾಯವಿಲ್ಲದ ದೊಡ್ಡ ಯಂತ್ರಗಳು ಇದರ ಮೇಲೆ ಓಡುತ್ತವೆ. ಮೂರನೇ ದರ್ಜೆಗೆ ಡೀಸೆಲ್ ಜನರೇಟರುಗಳ ಬೆಂಬಲ ಉಂಟು. ನಾಲ್ಕನೆಯದು ಹೋದ ಅರ್ಧ ನಿಮಿಷದ ಆಸುಪಾಸಿನಲ್ಲಿ ಇವು ತಾವಾಗಿ ಚಾಲೂ ಆಗಿ ಮುಖ್ಯ ಪಂಪುಗಳನ್ನು ವಹಿಸಿಕೊಳ್ಳಬೇಕು. ಎರಡನೇ ಮತ್ತು ಒಂದನೇ ದರ್ಜೆಗಳು ಬ್ಯಾಟರಿಯನ್ನು ಆಧರಿಸಿದವು. ಕ್ಷಣ ಮಾತ್ರವೂ ನಿಲ್ಲಬಾರದ ಮಾಪಕಗಳು, ನಿಯಂತ್ರಣ ಸಾಧನಗಳು ಇವುಗಳ ಆಶ್ರಯದಲ್ಲಿರುತ್ತವೆ.

ಈ ವ್ಯವಸ್ಥೆ ಅನೇಕ ಮನೆಗಳಲ್ಲೂ ಉಂಟು. ಬೆಸ್ಕಾಂ, ಹೆಸ್ಕಾಂನ ಲೈನು ನಾಲ್ಕನೇ ದರ್ಜೆ. ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರ್ ಮೂರನೆಯದು. ಮನೆಯ ಯುಪಿಎಸ್ ಎರಡನೆಯದು. ಟಾರ್ಚಿನ ಸೆಲ್ಲು ಒಂದನೆಯದು. ಮಹಡಿಯ ಮೇಲಿನ ನೀರಿನ ಟ್ಯಾಂಕು ಇವು ಯಾವುದಕ್ಕೂ ಸೇರದು. ಕರೆಂಟ್ ಇರಲಿ ಬಿಡಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಏಕೆಂದರೆ ಅಲ್ಲಿ ದುಡಿಯುವುದು ಗುರುತ್ವ. ಗುರುತ್ವಕ್ಕೆ ಲೋಡ್ ಶೆಡ್ಡಿಂಗ್ ಇಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಾಲ್ಕು ಸಾಲು ಕಾವಲು ಇದ್ದರೆ ಸಾಲದೇ? ಸಾಲುತ್ತದೆ, ಒಂದು ಷರತ್ತಿನ ಮೇಲೆ. ಆ ಷರತ್ತು ಯಾವುದೆಂದು ಎರಡು ಹಳೆಯ ಘಟನೆಗಳು ಹೇಳುತ್ತವೆ.

ಒಂದು ಲಾರಿ, ಒಂದು ಮೇಣದಬತ್ತಿ

ಅಮೆರಿಕದ ಜಾರ್ಜಿಯಾ ರಾಜ್ಯದ ವೋಗಲ್ ಸ್ಥಾವರ. 1990ರ ಮಾರ್ಚ್ 20. ಮೊದಲನೇ ರಿಯಾಕ್ಟರ್ ಇಂಧನ ಬದಲಾವಣೆಗಾಗಿ ನಿಂತಿತ್ತು. ಸ್ವಿಚ್‌ಯಾರ್ಡಿನಲ್ಲಿ ಹಿಂದಕ್ಕೆ ಚಲಿಸುತ್ತಿದ್ದ ಒಂದು ಲಾರಿ, ವಿದ್ಯುತ್ ತಂತಿಯನ್ನು ಹೊತ್ತ ಕಂಬಕ್ಕೆ ತಗುಲಿತು. ಹೊರಗಿನ ವಿದ್ಯುತ್ ಹೋಯಿತು. ಎರಡು ಡೀಸೆಲ್ ಜನರೇಟರುಗಳ ಪೈಕಿ ಒಂದು ದುರಸ್ತಿಗಾಗಿ ಬಿಚ್ಚಿ ಇಟ್ಟದ್ದು. ಇನ್ನೊಂದು ಚಾಲೂ ಆಗಿ ಕೂಡಲೇ ನಿಂತುಬಿಟ್ಟಿತು. ಅದನ್ನು ಮತ್ತೆ ಹಿಡಿತಕ್ಕೆ ತರಲು 36 ನಿಮಿಷ ಬೇಕಾಯಿತು. ಅಷ್ಟರಲ್ಲಿ ರಿಯಾಕ್ಟರಿನ ನೀರಿನ ಉಷ್ಣತೆ ಸುಮಾರು 32 ಡಿಗ್ರಿಯಿಂದ 58 ಡಿಗ್ರಿಗೆ ಏರಿತ್ತು. ಹಾನಿಯೇನೂ ಆಗಲಿಲ್ಲ. ಆದರೆ ನಿಂತು ಹಲವು ದಿನವಾದ ರಿಯಾಕ್ಟರ್ ಕೂಡ ಅರ್ಧ ಗಂಟೆಯ ಅಲಕ್ಷ್ಯವನ್ನು ಸಹಿಸುವುದಿಲ್ಲ ಎಂಬುದು ಗೊತ್ತಾಯಿತು.

ಇನ್ನೊಂದು ಅದಕ್ಕೂ ಹಿಂದಿನದು. ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ 1975ರ ಮಾರ್ಚ್ 22ರಂದು ಕೆಲಸಗಾರರು ಕೇಬಲ್‌ಗಳು ಗೋಡೆ ದಾಟುವ ಕಂಡಿಯಲ್ಲಿ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಪರೀಕ್ಷೆಯ ಉಪಕರಣ ಒಂದು ಮೇಣದಬತ್ತಿ! ಜ್ವಾಲೆ ಓಲಾಡಿದರೆ ಸೋರಿಕೆ ಇದೆ ಎಂದರ್ಥ. ಜ್ವಾಲೆ ಓಲಾಡಿತು, ಕಂಡಿಗೆ ತುಂಬಿದ್ದ ಫೋಮಿಗೆ ತಗುಲಿತು. ಸುಮಾರು ಏಳು ಗಂಟೆ ಉರಿದ ಬೆಂಕಿಯಲ್ಲಿ 1,600ರಷ್ಟು ಕೇಬಲ್‌ಗಳು ಹಾಳಾದವು. ಮುಖ್ಯ ವ್ಯವಸ್ಥೆಯ ಕೇಬಲ್ಲೂ ಅದು ಕೈಕೊಟ್ಟಾಗ ನೆರವಿಗೆ ಬರಬೇಕಾದ ವ್ಯವಸ್ಥೆಯ ಕೇಬಲ್ಲೂ ಅಕ್ಕಪಕ್ಕದಲ್ಲೇ ಇದ್ದವು. ಒಂದೇ ಬೆಂಕಿಗೆ ಎರಡೂ ಹೋದವು. ಸಿಬ್ಬಂದಿ ಉಳಿದ ಪಂಪುಗಳಿಂದ ಹೇಗೋ ನೀರು ಹಾಯಿಸಿ ರಿಯಾಕ್ಟರುಗಳನ್ನು ಉಳಿಸಿಕೊಂಡರು. ಕಾವಲುಗಾರರು ಎಷ್ಟು ಜನ ಇದ್ದರೂ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಬಾರದು ಎಂಬ ಪಾಠವನ್ನು ಜಗತ್ತು ಆಗ ಓದಿತು. ಓದಿದ ಪಾಠವೆಲ್ಲ ನಡೆಗೆ ಬರುತ್ತದೆ ಎನ್ನುವಂತಿಲ್ಲ.

ನರೋರಾದ ಆ ರಾತ್ರಿ

ಉತ್ತರ ಪ್ರದೇಶದಲ್ಲಿ ಗಂಗೆಯ ದಡದಲ್ಲಿ ನರೋರಾ ಪರಮಾಣು ಸ್ಥಾವರವಿದೆ. ಅಲ್ಲಿಯೂ ಕೈಗಾದ ಮಾದರಿಯ 220 ಮೆಗಾವಾಟ್ ಭಾರಜಲ ರಿಯಾಕ್ಟರುಗಳು. 1993ರ ಮಾರ್ಚ್ 31ರ ಬೆಳಗಿನ ಜಾವ ಮೂರೂವರೆ ಗಂಟೆ. ಒಂದನೇ ಘಟಕದ ಟರ್ಬೈನಿನ ಎರಡು ಬ್ಲೇಡುಗಳು ಮುರಿದವು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಯಂತ್ರದಲ್ಲಿ ತೂಕದ ಸಮತೋಲ ತಪ್ಪಿದರೆ ಏನಾಗುತ್ತದೆಂದು ಊಹಿಸಬಹುದು. ಇಡೀ ಯಂತ್ರ ಭೀಕರವಾಗಿ ನಡುಗಿತು. ಜನರೇಟರನ್ನು ತಂಪಾಗಿಡಲು ಅದರೊಳಗೆ ಹೈಡ್ರೋಜನ್ ಅನಿಲ ಇರುತ್ತದೆ. ನಡುಕಕ್ಕೆ ಅದನ್ನು ಬಿಗಿಹಿಡಿದ ಮುಚ್ಚುಗಳು ಸಡಿಲವಾಗಿ ಅನಿಲ ಹೊರನುಗ್ಗಿ ಹೊತ್ತಿಕೊಂಡಿತು. ಅದರಿಂದ ಎಣ್ಣೆಗೆ, ಎಣ್ಣೆಯಿಂದ ಕೇಬಲ್‌ಗಳಿಗೆ ಬೆಂಕಿ ಹಬ್ಬಿತು.

ಸಿಬ್ಬಂದಿ 39 ಸೆಕೆಂಡುಗಳಲ್ಲಿ ರಿಯಾಕ್ಟರನ್ನು ನಿಲ್ಲಿಸಿದರು. ಅದು ಆ ರಾತ್ರಿಯ ಮೊದಲ ಒಳ್ಳೆಯ ಕೆಲಸ. ಆದರೆ ಕೆಲವೇ ನಿಮಿಷಗಳಲ್ಲಿ ಸ್ಥಾವರದ ವಿದ್ಯುತ್ ಪೂರ್ತಿ ಹೋಯಿತು. ಇಲ್ಲಿ ಗಮನಿಸಬೇಕಾದದ್ದು, ಹೊರಗೆ ಗ್ರಿಡ್ ಇತ್ತು. ಒಳಗೆ ಡೀಸೆಲ್ ಜನರೇಟರುಗಳೂ ಇದ್ದವು. ವಿದ್ಯುತ್ತನ್ನು ಹೊತ್ತು ತರಬೇಕಾದ ಕೇಬಲ್‌ಗಳೇ ಬೆಂದುಹೋಗಿದ್ದವು. ಮುಖ್ಯ ಕೇಬಲ್‌ಗಳ ಜೊತೆಯಲ್ಲೇ ಬದಲಿ ಕೇಬಲ್‌ಗಳನ್ನೂ ಹಾಯಿಸಿದ್ದರು, ನಡುವೆ ಬೆಂಕಿಯನ್ನು ತಡೆಯುವ ಗೋಡೆಗಳಿರಲಿಲ್ಲ. ಬ್ರೌನ್ಸ್ ಫೆರಿಯ ಪಾಠವನ್ನು ಹದಿನೆಂಟು ವರ್ಷಗಳ ನಂತರ ಮತ್ತೊಮ್ಮೆ ಓದಬೇಕಾಯಿತು.

ಗಾಳಿಯ ಕೊಳವೆಗಳಿಂದ ಹೊಗೆ ನಿಯಂತ್ರಣ ಕೊಠಡಿಗೆ ನುಗ್ಗಿತು. ಉಸಿರಾಡಲಾಗದೆ ಸಿಬ್ಬಂದಿ ಅಲ್ಲಿಂದ ಹೊರಬರಬೇಕಾಯಿತು. ರಿಯಾಕ್ಟರಿನ ಒಳಗೆ ಏನಾಗುತ್ತಿದೆ ಎಂದು ಹೇಳುವ ಮಾಪಕಗಳಿಲ್ಲ, ದೀಪವಿಲ್ಲ, ಓಡುವ ಒಂದು ವಿದ್ಯುತ್ ಪಂಪಿಲ್ಲ. ಕತ್ತಲಲ್ಲಿ ಒಳಗಿನ ಕೆಂಡ ಮಾತ್ರ ಶಾಖ ಕೊಡುತ್ತಲೇ ಇತ್ತು.

ಆಗ ಅವರು ಎರಡು ಕೆಲಸ ಮಾಡಿದರು. ಬೆಂಕಿ ಆರಿಸಲೆಂದು ಇಟ್ಟ ಪಂಪುಗಳು ಅಲ್ಲಿದ್ದವು. ಅವಕ್ಕೆ ವಿದ್ಯುತ್ ಬೇಡ, ಡೀಸೆಲ್ ಎಂಜಿನ್ನೇ ನೇರವಾಗಿ ತಿರುಗಿಸುತ್ತದೆ. ಅವುಗಳಿಂದ ಉಗಿ ಉತ್ಪಾದಕಗಳಿಗೆ ನೀರು ಹಾಯಿಸಿದರು. ಎರಡನೆಯದಾಗಿ, ಕೆಲವರು ಕೈಯಲ್ಲಿ ಟಾರ್ಚು ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿ, ಕೈಯಿಂದಲೇ ವಾಲ್ವ್ ತಿರುಗಿಸಿ ಬೋರಾನ್ ದ್ರಾವಣವನ್ನು ಕೆಳಕ್ಕೆ ಹರಿಯಬಿಟ್ಟರು. ಬೋರಾನ್ ನ್ಯೂಟ್ರಾನುಗಳನ್ನು ಹೀರಿಕೊಳ್ಳುವ ಧಾತು. ರಿಯಾಕ್ಟರ್ ತಣ್ಣಗಾಗುತ್ತಾ ಹೋದಂತೆ ಸರಪಳಿ ಕ್ರಿಯೆ ಮತ್ತೆ ತಲೆ ಎತ್ತದಿರಲಿ ಎಂದು ಈ ಎಚ್ಚರಿಕೆ. ದ್ರಾವಣವನ್ನು ಕೆಳಗಿಳಿಸಿದ್ದು ಪಂಪಲ್ಲ, ಗುರುತ್ವ. ಮಹಡಿಯ ಮೇಲಿನ ಟ್ಯಾಂಕಿನ ಮಾತು ನೆನಪಿದೆಯಲ್ಲ!

ಸುಮಾರು 17 ಗಂಟೆ ಕಾಲ ಆ ರಿಯಾಕ್ಟರ್ ವಿದ್ಯುತ್ತಿಲ್ಲದೆ ಇತ್ತು. ಇಂಧನ ಕರಗಲಿಲ್ಲ, ವಿಕಿರಣ ಹೊರಗೆ ಬರಲಿಲ್ಲ. ಏಳು ಮಟ್ಟಗಳ ಅಂತರರಾಷ್ಟ್ರೀಯ ಅಳತೆಗೋಲಿನಲ್ಲಿ ಈ ಘಟನೆಗೆ ಮೂರನೇ ಮಟ್ಟ ಕೊಡಲಾಯಿತು. ಕತ್ತಲಲ್ಲಿ ಮೆಟ್ಟಿಲು ಹತ್ತಿದ ಆ ನೌಕರರ ಹೆಸರು ಶಾಲೆಯ ಪುಸ್ತಕಗಳಲ್ಲಿ ಇಲ್ಲ. ಅವರ ಕೆಲಸವಾದರೂ ಇರಬೇಕಿತ್ತು.

ಪಂಪಿಲ್ಲದೆ ಹರಿದ ನೀರು

ಒಂದು ಸಂದೇಹ ಉಳಿಯುತ್ತದೆ. ಡೀಸೆಲ್ ಪಂಪು ನೀರು ಹಾಕಿದ್ದು ಉಗಿ ಉತ್ಪಾದಕಕ್ಕೆ. ಶಾಖ ಇರುವುದು ರಿಯಾಕ್ಟರಿನಲ್ಲಿ. ನಡುವಿನ ಭಾರಜಲವನ್ನು ಸುತ್ತಿಸುವ ಪಂಪುಗಳು ನಿಂತಿದ್ದವಲ್ಲ, ಶಾಖ ಮೇಲಕ್ಕೆ ಬಂದದ್ದು ಹೇಗೆ?

ಉತ್ತರ ಕರ್ನಾಟಕದ ಅನೇಕ ಮನೆಗಳ ತಾರಸಿಯ ಮೇಲಿದೆ. ಸೋಲಾರ್ ನೀರಿನ ಹೀಟರಿನಲ್ಲಿ ಬಿಸಿಲು ಹಿಡಿಯುವ ಫಲಕ ಕೆಳಗೆ, ಟ್ಯಾಂಕು ಮೇಲೆ ಇರುತ್ತದೆ. ಬಿಸಿಯಾದ ನೀರು ಹಗುರವಾಗಿ ಮೇಲೇರುತ್ತದೆ, ತಣ್ಣನೆಯ ನೀರು ಭಾರವಾಗಿ ಕೆಳಗಿಳಿಯುತ್ತದೆ. ಯಾವ ಮೋಟಾರೂ ಇಲ್ಲದೆ ನೀರು ತಾನೇ ಸುತ್ತುತ್ತದೆ. ಭಾರಜಲ ಸ್ಥಾವರದಲ್ಲಿಯೂ ಉಗಿ ಉತ್ಪಾದಕಗಳನ್ನು ರಿಯಾಕ್ಟರಿಗಿಂತ ಎತ್ತರದಲ್ಲಿ ಕೂರಿಸಿರುತ್ತಾರೆ. ಪಂಪು ನಿಂತರೂ ಬಿಸಿ ಭಾರಜಲ ಮೇಲೇರಿ, ಅಲ್ಲಿ ಶಾಖ ಒಪ್ಪಿಸಿ, ತಣಿದು ಕೆಳಗಿಳಿಯುತ್ತದೆ. ಮೇಲುಗಡೆ ಯಾರಾದರೂ ತಣ್ಣೀರು ಹಾಕುತ್ತಿದ್ದರೆ ಸಾಕು. ನರೋರಾದ ಜನ ಹಾಕಿದರು. ಸಂವಹನ ಎಂದು ಪಠ್ಯದಲ್ಲಿ ಬಾಯಿಪಾಠ ಮಾಡುವ ಪಾಠವೇ ಅಂದು ಅವರ ಕೈ ಹಿಡಿಯಿತು.

ಫುಕುಶಿಮಾದಲ್ಲಿ ಏನು ತಪ್ಪಿತು?

2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷ. 9.0 ಪ್ರಮಾಣದ ಭೂಕಂಪ. ಫುಕುಶಿಮಾ ದಾಯಿಚಿ ಸ್ಥಾವರದ ಆರು ರಿಯಾಕ್ಟರುಗಳಲ್ಲಿ ಆಗ ಓಡುತ್ತಿದ್ದವು ಮೂರು. ಮೂರೂ ತಾವಾಗಿ ನಿಂತವು. ಭೂಕಂಪದಿಂದ ಹೊರಗಿನ ಲೈನುಗಳೆಲ್ಲ ಹೋದವು. ಡೀಸೆಲ್ ಜನರೇಟರುಗಳು ಚಾಲೂ ಆದವು. ಅಲ್ಲಿಯವರೆಗೆ ಎಲ್ಲವೂ ಪುಸ್ತಕದಲ್ಲಿ ಬರೆದಂತೆಯೇ ನಡೆಯಿತು.

ಸುಮಾರು ಐವತ್ತು ನಿಮಿಷದ ನಂತರ ಸಮುದ್ರ ಬಂದಿತು. 5.7 ಮೀಟರ್ ಎತ್ತರದ ಅಲೆಗೆಂದು ಸಿದ್ಧವಾಗಿದ್ದ ಸ್ಥಾವರದ ಮೇಲೆ ಸುಮಾರು 14 ಮೀಟರ್ ಎತ್ತರದ ನೀರು ಎರಗಿತು. ಡೀಸೆಲ್ ಜನರೇಟರುಗಳಲ್ಲಿ ಹೆಚ್ಚಿನವು, ಬ್ಯಾಟರಿಗಳಲ್ಲಿ ಕೆಲವು, ವಿದ್ಯುತ್ ಹಂಚುವ ಫಲಕಗಳು, ಇವೆಲ್ಲ ಇದ್ದದ್ದು ಕಟ್ಟಡಗಳ ತಳಮಹಡಿಗಳಲ್ಲಿ. 13 ಜನರೇಟರುಗಳಲ್ಲಿ 12 ಕೆಲಸಕ್ಕೆ ಬಾರದಾದವು. ಕೆಲವು ಜನರೇಟರುಗಳಿಗೆ ನೀರು ತಾಗದಿದ್ದರೂ, ಅವು ಕೊಡುವ ವಿದ್ಯುತ್ತನ್ನು ಹಂಚುವ ಫಲಕಗಳು ಮುಳುಗಿದ್ದರಿಂದ ಪ್ರಯೋಜನವಾಗಲಿಲ್ಲ. ಸಿಬ್ಬಂದಿ ತಮ್ಮ ಕಾರುಗಳ ಬ್ಯಾಟರಿ ಬಿಚ್ಚಿ ತಂದು ಮಾಪಕಗಳಿಗೆ ಜೋಡಿಸಿ, ಒಳಗಿನ ನೀರಿನ ಮಟ್ಟ ಎಷ್ಟೆಂದು ಓದಲು ಯತ್ನಿಸಿದರು. ಮರುದಿನ ತುರ್ತು ವಿದ್ಯುತ್ ವಾಹನದಿಂದ ಕೇಬಲ್ ಎಳೆದು ಇನ್ನೇನು ಜೋಡಿಸಬೇಕು ಎನ್ನುವಾಗ ಒಂದನೇ ಘಟಕದಲ್ಲಿ ಹೈಡ್ರೋಜನ್ ಸ್ಫೋಟವಾಗಿ ಆ ಕೇಬಲ್ಲೂ ಹಾಳಾಯಿತು. ಮೂರು ರಿಯಾಕ್ಟರುಗಳ ಇಂಧನ ಕರಗಿತು. ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು.

ಇದೇ ಸ್ಥಾವರದ ಐದು ಮತ್ತು ಆರನೇ ಘಟಕಗಳ ಕಥೆ ಬೇರೆ. ಉಳಿದ ಆ ಒಂದೇ ಒಂದು ಜನರೇಟರ್ ಆರನೇ ಘಟಕದ್ದು. ಅದನ್ನು ತಂಪಾಗಿಡುವುದು ಗಾಳಿ, ಸಮುದ್ರದ ನೀರಲ್ಲ. ಇದ್ದದ್ದೂ ಎತ್ತರದ ಜಾಗದಲ್ಲಿ. ಆ ಒಂದರ ವಿದ್ಯುತ್ತನ್ನು ಹಂಚಿಕೊಂಡು ಎರಡೂ ರಿಯಾಕ್ಟರುಗಳು ಬದುಕಿದವು.

ಹನ್ನೆರಡು ಕಿಲೋಮೀಟರ್ ದಕ್ಷಿಣಕ್ಕೆ ಫುಕುಶಿಮಾ ದಾಯಿನಿ ಎಂಬ ಇನ್ನೊಂದು ಸ್ಥಾವರ. ಅದೇ ಭೂಕಂಪ, ಅದೇ ಸಮುದ್ರ. ಅಲ್ಲಿ ಹೊರಗಿನ ಲೈನುಗಳಲ್ಲಿ ಒಂದು ಮಾತ್ರ ಉಳಿದಿತ್ತು. ಅದನ್ನು ಬಳಸಿಕೊಳ್ಳಲು ಸುಮಾರು 200 ಜನ ಭಾರವಾದ ಕೇಬಲ್ ಹೊತ್ತು ಒಂದೇ ದಿನದಲ್ಲಿ ಸುಮಾರು 9 ಕಿಲೋಮೀಟರ್ ಎಳೆದು ಪಂಪುಗಳಿಗೆ ಜೋಡಿಸಿದರು. ಮಾರ್ಚ್ 15ರ ಹೊತ್ತಿಗೆ ಅಲ್ಲಿನ ನಾಲ್ಕೂ ರಿಯಾಕ್ಟರುಗಳು ತಣ್ಣಗಾದವು. ಒಂದು ತಂತಿ ಇದ್ದದ್ದಕ್ಕೂ ಇಲ್ಲದ್ದಕ್ಕೂ ಇದ್ದ ಅಂತರ ಇಷ್ಟು.

ಗುಣಾಕಾರ ಎಲ್ಲಿ ತಪ್ಪುತ್ತದೆ?

ಗಣಿತದ ಪುಸ್ತಕದಲ್ಲಿ ಸಂಭವನೀಯತೆಯ ಅಧ್ಯಾಯ ಓದಿದವರಿಗೆ ಒಂದು ಪ್ರಶ್ನೆ. ಒಂದು ಜನರೇಟರ್ ನೂರು ಸಲ ಚಾಲೂ ಮಾಡಿದರೆ ಒಂದು ಸಲ ಕೈಕೊಡುತ್ತದೆ ಎಂದು ಭಾವಿಸಿ. ಅಂಥ ಎರಡು ಇದ್ದರೆ ಎರಡೂ ಒಟ್ಟಿಗೆ ಕೈಕೊಡುವ ಸಂಭವ ಹತ್ತು ಸಾವಿರಕ್ಕೊಂದು. ಮೂರಿದ್ದರೆ ಹತ್ತು ಲಕ್ಷಕ್ಕೊಂದು. ಹದಿಮೂರು ಇದ್ದರೆ? ಒಂದರ ಮುಂದೆ 26 ಸೊನ್ನೆ ಬರೆದು ಅಷ್ಟರಲ್ಲಿ ಒಂದು. ವಿಶ್ವ ಹುಟ್ಟಿ ಕಳೆದಿರುವ ಸೆಕೆಂಡುಗಳ ಸಂಖ್ಯೆಗಿಂತಲೂ ಇದು ದೊಡ್ಡದು!

ಆದರೂ ಫುಕುಶಿಮಾದಲ್ಲಿ ಹದಿಮೂರರಲ್ಲಿ ಹನ್ನೆರಡು ಒಂದೇ ಗಂಟೆಯೊಳಗೆ ಹೋದವು. ಗುಣಾಕಾರ ಸುಳ್ಳಾಯಿತೇ? ಗುಣಾಕಾರ ಸುಳ್ಳಲ್ಲ, ಅದನ್ನು ಬಳಸಿದ ಜಾಗ ತಪ್ಪು. ಸಂಭವಗಳನ್ನು ಹೀಗೆ ಗುಣಿಸಬೇಕಾದರೆ ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದ ಸ್ವತಂತ್ರ ಘಟನೆಗಳಾಗಿರಬೇಕು. ಪುಸ್ತಕದಲ್ಲಿ ಈ ಷರತ್ತು ಒಂದು ಸಾಲಿನಲ್ಲಿ ಬರುತ್ತದೆ, ಪರೀಕ್ಷೆಯ ಆತುರದಲ್ಲಿ ಬಹಳ ಮಂದಿ ಅದನ್ನು ದಾಟಿ ಹೋಗುತ್ತಾರೆ. ಒಂದೇ ತಳಮಹಡಿಯಲ್ಲಿದ್ದ ಜನರೇಟರುಗಳು ಸ್ವತಂತ್ರವಲ್ಲ, ಒಂದೇ ಕಾಲುವೆಯಲ್ಲಿ ಹಾಯ್ದ ಕೇಬಲ್‌ಗಳೂ ಸ್ವತಂತ್ರವಲ್ಲ. ಒಂದೇ ಅಲೆ, ಒಂದೇ ಬೆಂಕಿ ಎಲ್ಲವನ್ನೂ ಕೂಡಿಸಿಬಿಡುತ್ತದೆ. ಷರತ್ತು ಯಾವುದೆಂದು ಮೇಲೆ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಕಾವಲಿನ ಸಂಖ್ಯೆಗಿಂತ ಕಾವಲುಗಳ ನಡುವಿನ ಅಂತರ ದೊಡ್ಡದು.

ಯುದ್ಧದ ನಡುವೆ

ಯುಕ್ರೇನಿನ ಜಪೊರಿಜ್ಜಿಯಾ ಸ್ಥಾವರ ಯುರೋಪಿನಲ್ಲೇ ಅತಿ ದೊಡ್ಡದು. 1,000 ಮೆಗಾವಾಟಿನ ಆರು ರಿಯಾಕ್ಟರುಗಳು. 2022ರ ಯುದ್ಧದಲ್ಲಿ ಅದು ರಷ್ಯಾದ ಸೇನೆಯ ವಶವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಕೊನೆಯ ರಿಯಾಕ್ಟರೂ ವಿದ್ಯುತ್ ತಯಾರಿಕೆ ನಿಲ್ಲಿಸಿತು. ಆದರೆ ಕೆಂಡ ಉಳಿದಿದೆಯಲ್ಲ, ಆದ್ದರಿಂದ ಹೊರಗಿನ ವಿದ್ಯುತ್ ಬೇಕೇ ಬೇಕು. ಯುದ್ಧದಲ್ಲಿ ಲೈನುಗಳು ಮತ್ತೆ ಮತ್ತೆ ಕಡಿದವು. 2025ರ ಸೆಪ್ಟೆಂಬರ್ 23ರಂದು ಹತ್ತನೇ ಬಾರಿ ಹೊರಗಿನ ವಿದ್ಯುತ್ ಪೂರ್ತಿ ಹೋದಾಗ ಅದು ಮರಳಲು ಸುಮಾರು ಒಂದು ತಿಂಗಳು ಹಿಡಿಯಿತು. ಅಷ್ಟೂ ದಿನ ಡೀಸೆಲ್ ಜನರೇಟರುಗಳೇ ಗತಿ.

ಅಲ್ಲಿ ಅನಾಹುತ ಆಗದಿದ್ದುದಕ್ಕೆ ಜನರೇಟರುಗಳ ಜೊತೆ ಕಾಲವೂ ಕಾರಣ. ರಿಯಾಕ್ಟರುಗಳು ನಿಂತು ವರ್ಷಗಳಾಗಿದ್ದರಿಂದ ಒಳಗಿನ ಶಾಖ ಬಹಳ ಇಳಿದಿತ್ತು. ಅದೇ ಯುದ್ಧದ ಆರಂಭದಲ್ಲಿ, 2022ರ ಮಾರ್ಚ್ 9ರಂದು, ಮುಚ್ಚಿಹೋಗಿರುವ ಚೆರ್ನೋಬಿಲ್ ಸ್ಥಾವರದ ವಿದ್ಯುತ್ತೂ ಹೋಗಿತ್ತು. ಜಗತ್ತು ಗಾಬರಿಯಾಯಿತು. ಆದರೆ ಅಲ್ಲಿನ ಕೊನೆಯ ರಿಯಾಕ್ಟರ್ ನಿಂತದ್ದು 2000ನೇ ಇಸವಿಯಲ್ಲಿ. ಎರಡು ದಶಕ ತಣಿದ ಇಂಧನವನ್ನು ಮುಳುಗಿಸಿಟ್ಟ ಕೊಳದ ನೀರು ಪಂಪಿಲ್ಲದೆಯೂ ಕುದಿಯುವಷ್ಟು ಬಿಸಿಯಾಗುವಂತಿರಲಿಲ್ಲ. ಎಲ್ಲಿ ಹೆದರಬೇಕು, ಎಲ್ಲಿ ಬೇಡ ಎಂದು ತಿಳಿಯಲೂ ಲೆಕ್ಕ ಬೇಕು.

ಚೆರ್ನೋಬಿಲ್ಲಿನ ವಿಪರ್ಯಾಸ ಇನ್ನೊಂದಿದೆ. 1986ರ ಏಪ್ರಿಲ್ 26ರ ರಾತ್ರಿ ಅಲ್ಲಿ ನಡೆಯುತ್ತಿದ್ದ ಪ್ರಯೋಗ ಇದೇ ವಿಷಯದ್ದು. ಹೊರಗಿನ ವಿದ್ಯುತ್ ಹೋಗಿ ಡೀಸೆಲ್ ಜನರೇಟರ್ ಪೂರ್ತಿ ಬಲಕ್ಕೆ ಬರುವ ತನಕದ ಹೊತ್ತಿನಲ್ಲಿ, ನಿಲ್ಲುತ್ತಾ ತಿರುಗುವ ಟರ್ಬೈನಿನಿಂದಲೇ ಪಂಪುಗಳನ್ನು ಓಡಿಸಬಹುದೇ ಎಂದು ನೋಡಲು ಹೊರಟಿದ್ದರು. ರಿಯಾಕ್ಟರಿನ ವಿನ್ಯಾಸದ ದೋಷ ಮತ್ತು ನಿಯಮ ಮೀರಿದ ನಡೆ ಸೇರಿ, ಸುರಕ್ಷತೆಯ ಪ್ರಯೋಗವೇ ಮಹಾ ದುರಂತವಾಯಿತು.

ಕೇಳಬೇಕಾದ ಪ್ರಶ್ನೆಗಳು

ಕಾಳಿ ನದಿಯ ಬದಿಯ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳಿವೆ. ಅದರ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ನರೋರಾದ ಪಾಠ ಕಲಿತ ಮೇಲೆ ಚಾಲನೆಗೊಂಡ ಸ್ಥಾವರ ಇದು. ಫುಕುಶಿಮಾದ ನಂತರ ಭಾರತದ ಸ್ಥಾವರಗಳಿಗೆ ಹೊರಗಿನಿಂದ ನೇರವಾಗಿ ನೀರು ಹಾಯಿಸುವ ಜೋಡಣೆಗಳು, ಸಾಗಿಸಬಹುದಾದ ಡೀಸೆಲ್ ಜನರೇಟರುಗಳು, ಪಂಪುಗಳು ಸೇರಿದವು. ತಮಿಳುನಾಡಿನ ಕೂಡಂಕುಳಂನಲ್ಲಿ ಗಾಳಿಯ ಸಹಜ ಹರಿವಿನಿಂದಲೇ ಶಾಖ ಕಳೆಯುವ, ವಿದ್ಯುತ್ ಬೇಡದ ವ್ಯವಸ್ಥೆ ಇದೆ. ತಾರಸಿಯ ಸೋಲಾರ್ ಹೀಟರಿನ ತತ್ವವೇ ಅಲ್ಲಿ ದೊಡ್ಡ ರೂಪದಲ್ಲಿ ನಿಂತಿದೆ.

ಹಾಗೆಂದು ನಿಶ್ಚಿಂತೆಯಿಂದ ಮಲಗಬೇಕೆಂದಲ್ಲ. ಪರಮಾಣು ವಿದ್ಯುತ್ ಬೇಕೆನ್ನುವವರೂ ಬೇಡವೆನ್ನುವವರೂ ಕೇಳಬೇಕಾದ ಪ್ರಶ್ನೆಗಳು ಒಂದೇ. ಜನರೇಟರುಗಳು ಪ್ರವಾಹದ ನೀರಿಗಿಂತ ಎಷ್ಟು ಎತ್ತರದಲ್ಲಿವೆ? ಮುಖ್ಯ ಕೇಬಲ್ಲು ಮತ್ತು ಬದಲಿ ಕೇಬಲ್ಲು ಬೇರೆ ಬೇರೆ ದಾರಿಯಲ್ಲಿ ಹೋಗುತ್ತವೆಯೇ? ಡೀಸೆಲ್ ದಾಸ್ತಾನು ಎಷ್ಟು ದಿನಕ್ಕೆ ಸಾಕು? ಕೊನೆಯ ಬಾರಿ ಕತ್ತಲಲ್ಲಿ ಅಭ್ಯಾಸ ಮಾಡಿದ್ದು ಯಾವಾಗ? ಇಂಥ ಪ್ರಶ್ನೆಗಳನ್ನು ಕೇಳುವ ಜನ ಇದ್ದ ಕಡೆ ಉತ್ತರ ಕೊಡುವವರೂ ಎಚ್ಚರವಾಗಿರುತ್ತಾರೆ. ಕೇಳಲು ಬೇಕಾದದ್ದು ದೊಡ್ಡ ಪದವಿಯಲ್ಲ. ಹತ್ತನೇ ತರಗತಿಯ ವಿಜ್ಞಾನ, ಪಿಯುಸಿಯ ಸ್ವಲ್ಪ ಗಣಿತ.

ಈ ವಾರ ಮಾಡಿ ನೋಡಿ

1. ಮನೆಯ ಯುಪಿಎಸ್‌ನ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಗಂಟೆಯದು ಎನ್ನಿ. 60 ವಾಟಿನ ಮೂರು ಫ್ಯಾನು, 10 ವಾಟಿನ ನಾಲ್ಕು ಎಲ್‌ಇಡಿ ದೀಪ ಒಟ್ಟಿಗೆ ಹಾಕಿದರೆ ಎಷ್ಟು ಗಂಟೆ ಬರಬೇಕು? ನಿಜವಾಗಿ ಅದಕ್ಕಿಂತ ಕಡಿಮೆ ಬರುವುದೇಕೆ? ಮೊದಲು ಯಾವುದನ್ನು ಆರಿಸಬೇಕು? ಸ್ಥಾವರದ ಬ್ಯಾಟರಿ ಕಾಯುವವರೂ ಇದೇ ತೀರ್ಮಾನ ಮಾಡಬೇಕಾಗುತ್ತದೆ.

2. ಮನೆಯಲ್ಲಿ ಒಂದು ವಸ್ತುವಿಗೆ ಬದಲಿಯಾಗಿ ಇಟ್ಟಿರುವ ಇನ್ನೊಂದು ವಸ್ತುವಿನ ಪಟ್ಟಿ ಮಾಡಿ: ಎರಡನೇ ಬೀಗದ ಕೈ, ಎರಡನೇ ಗ್ಯಾಸ್ ಸಿಲಿಂಡರ್, ಅಂಕಪಟ್ಟಿಯ ಜೆರಾಕ್ಸ್ ಪ್ರತಿ. ಇವುಗಳಲ್ಲಿ ಮೂಲವೂ ಬದಲಿಯೂ ಒಂದೇ ಬೀರುವಿನಲ್ಲಿ, ಒಂದೇ ಚೀಲದಲ್ಲಿ ಇರುವವು ಎಷ್ಟು? ಎಣಿಸಿದ ಮೇಲೆ ಅಪ್ಪ ಅಮ್ಮನ ಜೊತೆ ಕುಳಿತು ಅವುಗಳ ಜಾಗ ಬದಲಿಸಿ.